ಕಬ್ಬಿಣದ ಸಂಕ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎನ್ನುವುದು ನನಗೆ ಇನ್ನೂ ಬಗೆಹರಿದಿಲ್ಲ. ಬಗೆಹರಿದಿದೆ ಎಂದು ನಟಿಸಿ ಮೂರು ಸಲ ಶುರು ಮಾಡಿದೆ. ಮೂರು ಹಾಳೆಯೂ ಒಲೆಗೆ ಹೋದವು.

ಮೊದಲ ಹಾಳೆಯಲ್ಲಿ ಹಿಮ ಬೀಳುತ್ತಿತ್ತು. ಇಂಗ್ಲೆಂಡು ಅಂದಮೇಲೆ ಹಿಮ ಬೇಕಲ್ಲ ಎಂದು ಎರಡು ಪುಟ ಧಾರಾಳವಾಗಿ ಸುರಿಸಿದ್ದೆ. ಆಮೇಲೆ ತಿಳಿಯಿತು, ಇದು ನಡೆದದ್ದು ಜೂನ್ ತಿಂಗಳಲ್ಲಿ. ಎರಡನೆಯ ಹಾಳೆಯಲ್ಲಿ ನನ್ನ ಕಥಾನಾಯಕ ಹೊನ್ನಾವರದಲ್ಲಿ ಬಸ್ಸಿಳಿದು, ಲಾಂಚಿನಲ್ಲಿ ಶರಾವತಿ ದಾಟುತ್ತಾ, ಆ ದಡ ಈ ದಡ ನೋಡಿ, "ಇದಕ್ಕೊಂದು ಸೇತುವೆ ಯಾವಾಗ?" ಎಂದು ನಿಟ್ಟುಸಿರು ಬಿಡುತ್ತಿದ್ದ. ಅದನ್ನು ಓದಿ ಹೇಳಿದಾಗ ಕಥಾನಾಯಕನೇ ಹಾಳೆ ಕಿತ್ತುಕೊಂಡ.

"ನಾನು ಲಾಂಚಿನಲ್ಲಿ ವಾಂತಿ ಮಾಡ್ತಾ ಇದ್ದೆ ಮಾಸ್ತರ್ರೆ. ನದಿ ನೋಡೂಕೆ ಪುರಸೊತ್ತೆಲ್ಲಿತ್ತು?"

ಮೂರನೆಯ ಹಾಳೆಯ ವಿಷಯ ಬೇಡ. ಅದರಲ್ಲಿ ನಾನೇ ನಾಯಕನಾಗಿದ್ದೆ.

೨

ಹಾಗಾಗಿ ಸುಮ್ಮನೆ ಪರಿಚಯ ಮಾಡಿಕೊಟ್ಟುಬಿಡುತ್ತೇನೆ. ನಾನು ಕಮಲಾಕರ, ಭಟ್ಕಳದ ಹತ್ತಿರ ಹೆಬಳೆಯ ಶಾಲೆಯಲ್ಲಿ ಮಾಸ್ತರ. ಕಥಾನಾಯಕ ನನ್ನ ನೆರೆಮನೆಯ ವೆಂಕ್ಟ್ರಮಣ ಮಾಸ್ತಿ ನಾಯ್ಕ. ಹುಟ್ಟೂರು ಅಲ್ಲೇ ಹತ್ತಿರದ ಕಾಯ್ಕಿಣಿ. ಕೆಲಸ ಎರಕ ಹೊಯ್ಯುವುದು. ಮರಳಿನಲ್ಲಿ ಅಚ್ಚು ಕುಟ್ಟಿ, ಕರಗಿದ ಕಬ್ಬಿಣ ಸುರಿದು, ತಣಿದ ಮೇಲೆ ಮರಳೊಡೆದು ಸಾಮಾನು ತೆಗೆಯುವವನು. ಅವನ ಹೆಂಡತಿ ಮಂಜಿ. ಅವಳೂ ಕಾಯ್ಕಿಣಿಯವಳೇ. ಅವನು ನಾಲ್ಕು ಮಾತಿನಲ್ಲಿ ಮುಗಿಸುವುದನ್ನು ಅವಳು ನಲವತ್ತರಲ್ಲಿ ಹೇಳುತ್ತಾಳೆ. ಈ ಕಥೆಯಲ್ಲಿ ಸತ್ಯವಿದ್ದರೆ ಅದು ಅವಳದು, ಉಪಮೆಗಳೆಲ್ಲ ನನ್ನವು.

ಮದುವೆಯಾಗಿ ಎಂಟು ವರ್ಷ ಅವನು ಮುಂಬೈಯಲ್ಲಿ, ಇವಳು ಕಾಯ್ಕಿಣಿಯಲ್ಲಿ ಅತ್ತೆ ಸುಕ್ರಿಯ ಜೊತೆ. ವರ್ಷಕ್ಕೆ ಒಂದು ತಿಂಗಳು ರಜೆ. ಎಂಟು ವರ್ಷದ ಸಂಸಾರ ಅಂದರೆ ಎಂಟು ತಿಂಗಳು. ೧೯೬೧ರಲ್ಲಿ ಅವನ ಫೌಂಡ್ರಿಯವರು ಅವನನ್ನು ಆರು ತಿಂಗಳ ಟ್ರೇನಿಂಗಿಗೆ ಇಂಗ್ಲೆಂಡಿಗೆ ಕಳಿಸಿದರು. ಅಲ್ಲಿಂದ ಒಳ್ಳೆಯ ರಿಪೋರ್ಟು ತಂದರೆ ಮಿಸ್ತ್ರಿ ಕೆಲಸ, ಜೊತೆಗೆ ಸಂಸಾರ ಮಾಡಲು ಒಂದು ಖೋಲಿ, ಅಂದರೆ ಒಂದು ಕೋಣೆಯ ಮನೆ. ಕೆಟ್ಟ ರಿಪೋರ್ಟಾದರೆ ಮತ್ತೆ ಇದ್ದಲ್ಲೇ, ಸಾಯುವವರೆಗೆ.

"ಅದನ್ನು ದೊಡ್ಡದಾಗಿ ಬರೀರಿ," ಅಂದಳು ಮಂಜಿ. "ಅವರು ಹೋದದ್ದು ಇಂಗ್ಲೆಂಡ್ ನೋಡೂಕಲ್ಲ. ಒಂದು ಖೋಲಿ ತರೂಕೆ."

೩

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲೊಬ್ಬರು ಭೂಪಟ ತೆಗೆದು, ಅಲ್ಲಿ ಅಂಥ ಸೇತುವೆಯೇ ಇಲ್ಲ ಎಂದು ನನಗೆ ಕಾರ್ಡು ಬರೆಯುತ್ತಾರೆ. ದಕ್ಷಿಣ ಇಂಗ್ಲೆಂಡಿನ ಒಂದು ಹಳೆಯ ಊರು, ನಡುವೆ ಏಳುನೂರು ವರ್ಷದ ದೊಡ್ಡ ಕ್ಯಾಥೆಡ್ರಲ್ಲು ಎಂದಿಟ್ಟುಕೊಳ್ಳಿ. ಊರ ಅಂಚಿನಲ್ಲಿ ಪಂಪು ಮಾಡುವ ಒಂದು ಕಾರ್ಖಾನೆ. ಅಲ್ಲಿಯ ಫೌಂಡ್ರಿಯಲ್ಲಿ ವೆಂಕ್ಟ್ರಮಣನ ಟ್ರೇನಿಂಗು. ಟ್ರೇನಿಂಗು ಅಂದರೆ, ನಿಂತು ನೋಡುವುದು. ಎರಡು ತಿಂಗಳಾದರೂ ಒಂದು ಅಚ್ಚು ಮುಟ್ಟಲು ಬಿಟ್ಟಿರಲಿಲ್ಲ. ನೋಡಿ ನೋಡಿ ಬೇಸತ್ತು ಅವನೇ ಒಂದು ಪೊರಕೆ ಹುಡುಕಿಕೊಂಡು ನೆಲ ಗುಡಿಸತೊಡಗಿದ. ಅವರು ಬೇಡ ಅನ್ನಲಿಲ್ಲ.

(ಇಲ್ಲಿ ನಾನು ವರ್ಣದ್ವೇಷದ ಬಗ್ಗೆ ಒಂದು ಖಾರವಾದ ಪ್ಯಾರಾ ಬರೆದಿದ್ದೆ. ವೆಂಕ್ಟ್ರಮಣ ಕೇಳಿ, "ಸ್ವಲ್ಪ ಇತ್ತು. ಆದ್ರೆ ಮುಂಬೈಲೂ ಹೊಸಬನ ಕೈಗೆ ಮೊದಲು ಕೊಡೂದು ಪೊರಕೆಯೇ," ಅಂದ. ಅರ್ಧ ಪ್ಯಾರಾ ಉಳಿಯಿತು. ಅರ್ಧ ಪ್ಯಾರಾಕ್ಕೆ ಖಾರವಿಲ್ಲ. ತೆಗೆದೆ.)

ಒಂದು ಭಾನುವಾರ ಮಾಡಲು ಕೆಲಸವಿಲ್ಲದೆ ಅವನು ನಡೆಯುತ್ತಾ ಹೋದ. ಇಳಿಜಾರಿನ ಒಂದು ಬೀದಿಯ ಕೊನೆಯಲ್ಲಿ ಆ ಸೇತುವೆ ಕಂಡಿತು. ಎರಕದ ಕಬ್ಬಿಣದ್ದು, ನೂರಮೂವತ್ತು ವರ್ಷ ಹಳೆಯದು. ಆರು ಕಮಾನು, ಮೇಲೆ ಎರಡೂ ಬದಿಗೆ ಬಳ್ಳಿ ಎಲೆಗಳ ಕಟಾಂಜನ, ಎರಕದ ಫಲಕಗಳನ್ನು ಸಾಲಾಗಿ ಜೋಡಿಸಿದ್ದು. ಅವನು ಕೆಳಗೆ ಬಗ್ಗಿ ನೋಡಿದ. ನೀರಿಲ್ಲ. ಕೆಳಗೂ ಒಂದು ಬೀದಿ, ಒಂದು ನಾಯಿ, ಒಣಹಾಕಿದ ಬಟ್ಟೆ.

"ನಂಗೆ ನಗು ಬಂತು. ಹೊಳೆ ಇಲ್ದಲ್ಲಿ ಇಷ್ಟು ಚಂದದ ಸಂಕ ಕಟ್ಟಿದ್ದಾರೆ."

(ನಮ್ಮ ಕಡೆ ಹಳ್ಳದ ಮೇಲೆ ಎರಡು ಮರ ಅಡ್ಡ ಹಾಕಿದರೆ ಅದಕ್ಕೆ ಸಂಕ ಎನ್ನುತ್ತಾರೆ. ಅವನಿಗೆ ದಾಟುವುದೆಲ್ಲ ಸಂಕವೇ. ತಿದ್ದಲು ಹೋಗಿ ಸೋತೆ.)

ನಕ್ಕವನು ಆಮೇಲೆ ಮೆಟ್ಟಿಲಿಳಿದು ಕಮಾನಿನ ಕೆಳಗೆ ಹೋದ. ಅಂಗೈಯನ್ನು ಕಬ್ಬಿಣದ ಮೇಲೆ ಆಡಿಸಿದ. ಮರಳಿನ ಎರಡು ಪೆಟ್ಟಿಗೆ ಕೂಡುವಲ್ಲಿ ಎರಕದ ಮೇಲೆ ಒಂದು ಸಣ್ಣ ಏಣು ಉಳಿಯುತ್ತದೆ. ಯಾರೂ ನೋಡದ ಆ ಅಡಿಭಾಗದಲ್ಲೂ ಯಾರೋ ಆ ಏಣನ್ನು ಅರ ಹಿಡಿದು ಉಜ್ಜಿ ನುಣ್ಣಗೆ ಮಾಡಿದ್ದರು. ಎರಡು ತಿಂಗಳಲ್ಲಿ ಮೊದಲ ಸಲ ಅವನಿಗೆ ತನ್ನವರೊಬ್ಬರು ಸಿಕ್ಕ ಹಾಗಾಯಿತಂತೆ. ಕಣ್ಣು ತುಂಬಿತು ಎಂದು ನಾನು ಬರೆದೆ.

"ತುಂಬಲಿಲ್ಲ," ಅಂದ.

"ತುಂಬಿತ್ತು," ಅಂದಳು ಮಂಜಿ. "ನಂಗೆ ಹಾಕಿದ ಕಾಗದದಲ್ಲಿ ನೀವೇ ಬರೆದಿದ್ರಿ."

೪

ಮೇಲೆ ಬಂದು ನೋಡಿದರೆ ಕಟಾಂಜನದ ನಡುವೆ ಒಂದು ಫಲಕವೇ ಇಲ್ಲ. ಹಲ್ಲು ಬಿದ್ದ ಹಾಗೆ ಒಂದು ಸಂದಿ, ಅದಕ್ಕೆ ಮರದ ಹಲಗೆ ಬಡಿದಿದ್ದಾರೆ. ಪಕ್ಕದ ಬೆಂಚಿನಲ್ಲಿ ಒಬ್ಬ ಮುದುಕ ಕುಳಿತಿದ್ದ. ಇವನು ಅಭ್ಯಾಸಬಲದಿಂದ, "ಅಜ್ಜ..." ಎಂದು ಶುರು ಮಾಡಿದ.

ಮುದುಕ ಎದ್ದೇ ನಿಂತ. "ಜಾರ್ಜ್! ಹೌದು, ನನ್ನ ಹೆಸರು ಜಾರ್ಜ್ ಅಂತ ನಿನಗೆ ಯಾರು ಹೇಳಿದರು?"

(ಇದು ನಾನು ಕಟ್ಟಿದ್ದಲ್ಲ. ಕಟ್ಟಿದ್ದರೆ ಇದಕ್ಕಿಂತ ನಂಬುವ ಹಾಗೆ ಕಟ್ಟುತ್ತಿದ್ದೆ.)

ಜಾರ್ಜ್ ಹಾರ್ವುಡ್ ನಲವತ್ತು ವರ್ಷ ಎರಕಕ್ಕೆ ಬೇಕಾದ ಮರದ ಮಾದರಿ ಕೆತ್ತಿದ ಬಡಗಿ. ಈಗ ನಿವೃತ್ತ. ಅರ್ಧ ಮಾತು, ಅರ್ಧ ಕೈಸನ್ನೆಯಲ್ಲಿ ಅವನು ವಿಷಯ ಹೇಳಿದ. ಒಂದು ಲಾರಿ ಗುದ್ದಿ ಫಲಕ ಪುಡಿಯಾಯಿತು. ಹೊಸದಕ್ಕೆ ಮಾದರಿ ಕೆತ್ತಿದವನು ಅವನೇ. ಎರಕ ಹೊಯ್ದದ್ದು ವೆಂಕ್ಟ್ರಮಣನಿದ್ದ ಪಂಪಿನ ಕಾರ್ಖಾನೆಯೇ. ಎರಡು ಸಲ ಹೊಯ್ದರು, ಎರಡೂ ಸಲ ತಣಿಯುವಾಗ ಟಣ್ ಎಂದು ಸೀಳಿತು. ಪೊರಕೆ ಹಿಡಿದಿದ್ದ ವೆಂಕ್ಟ್ರಮಣನೂ ಆ ಸದ್ದು ಕೇಳಿದ್ದ, ಆ ಸಾಮಾನು ಎಲ್ಲಿಯದೆಂದು ಮಾತ್ರ ತಿಳಿದಿರಲಿಲ್ಲ. ಇನ್ನೊಂದು ಸಲ ಸೀಳಿದರೆ ನಗರಸಭೆಯವರು ಅಲ್ಲಿ ಪೈಪು ಬೆಸೆದು ಕೈತೊಳೆದುಕೊಳ್ಳುತ್ತಾರೆ. ಹಾರ್ವುಡ್ ಪೈಪು ಎಂಬ ಶಬ್ದವನ್ನು ಉಗುಳಿದ ಹಾಗೆ ಹೇಳಿದನಂತೆ.

ವೆಂಕ್ಟ್ರಮಣ ಪಕ್ಕದ ಹಳೆಯ ಫಲಕದ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದ. ನಡುವೆ ದಪ್ಪ ಬಳೆ. ಅದರಿಂದ ಸುತ್ತಲೂ ಹೊರಟ ತೆಳು ಕಂಬಿಗಳು. ತೆಳುವಾದದ್ದು ಬೇಗ ತಣಿದು ಗಟ್ಟಿಯಾಗುತ್ತದೆ. ದಪ್ಪ ಬಳೆ ನಿಧಾನವಾಗಿ ತಣಿಯುತ್ತಾ, ಕುಗ್ಗುತ್ತಾ, ಕಂಬಿಗಳನ್ನು ಎಳೆಯುತ್ತದೆ. ಬಳೆಯ ಒಳಗಿನ ಮರಳೂ ಕಲ್ಲಿನ ಹಾಗೆ ಗಟ್ಟಿ ಕುಟ್ಟಿದ್ದರೆ ಕುಗ್ಗಲು ಜಾಗವೆಲ್ಲಿ? ಸೀಳಲೇಬೇಕು.

ಆಗ ಅವನಿಗೆ ನೆನಪಾದದ್ದು ಯಾವ ಪುಸ್ತಕವೂ ಅಲ್ಲ, ಅವನ ಅಮ್ಮ. ಸುಕ್ರಿ ಮಣ್ಣಿನ ಒಲೆ ಮಾಡುವಾಗ ಮಣ್ಣಿಗೆ ಉಮಿ ಕಲಸುತ್ತಿದ್ದಳು, ಮೆತ್ತಗೆ ತಟ್ಟುತ್ತಿದ್ದಳು. ಉರಿ ತಾಗಿದರೆ ಉಮಿ ಸುಟ್ಟು ಮಣ್ಣಿಗೆ ಉಸಿರಾಡಲು ಸಂದು ಬಿಡುತ್ತಿತ್ತು. ಅವಳ ಒಲೆ ಬಿರಿದದ್ದನ್ನು ಕಾಯ್ಕಿಣಿಯಲ್ಲಿ ಯಾರೂ ಕಂಡಿಲ್ಲ.

ಅವನು ನೆಲದ ಮೇಲೆ ಬೆರಳಲ್ಲಿ ಬರೆದು ತೋರಿಸಿದ. ಉಮಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಗೊತ್ತಿಲ್ಲ. ಉಮಿಯಿಲ್ಲದಿದ್ದರೆ ಸೆಗಣಿಯಾದರೂ ಆದೀತು ಎಂದು ದನದ ಹಾಗೆ ಕೂಗಿ, ಹುಲ್ಲು ಮೇದು, ಹಿಂದಕ್ಕೆ ಕೈ ತೋರಿಸಿದ. ಸೇತುವೆ ಮೇಲೆ ಹೋಗುತ್ತಿದ್ದ ಇಬ್ಬರು ಹೆಂಗಸರು ದಾರಿ ಬದಲಿಸಿದರು. ಹಾರ್ವುಡ್ ಮಾತ್ರ ನಗಲಿಲ್ಲ.

"ಕುದುರೆ ಲದ್ದಿ," ಅಂದ ನಿಧಾನವಾಗಿ. "ನನ್ನ ಅಪ್ಪನ ಕಾಲದಲ್ಲಿ ಮರಳಿಗೆ ಕುದುರೆ ಲದ್ದಿ ಹಾಕುತ್ತಿದ್ದರು. ನಾವು ಯಾವಾಗ ಬಿಟ್ಟೆವು ಅದನ್ನ?"

೫

(ಈ ಭಾಗದಲ್ಲಿ ಕ್ಯಾಥೆಡ್ರಲ್ಲಿನ ಗೋಪುರಗಳ ಹಿಂದೆ ಸೂರ್ಯ ಮುಳುಗುವ ವರ್ಣನೆ ಇತ್ತು. ಮಂಜಿ ಕೇಳಿದಳು: "ಸೂರ್ಯ ಮುಳುಗಿದ್ರಿಂದ ಕತೆಗೆ ಎಂತ ಆತು?" ಏನೂ ಆಗಲಿಲ್ಲ.)

೬

ಸೋಮವಾರ ಇಬ್ಬರೂ ಫೋರ್‌ಮನ್ ಮುಂದೆ ನಿಂತರು. ನನಗೆ ಇಲ್ಲಿ ಒಬ್ಬ ಖಳನಾಯಕ ಬೇಕಾಗಿತ್ತು. ಕೆಂಪು ಮೀಸೆ, ಬಾಯಲ್ಲಿ ಪೈಪು, ಎಲ್ಲ ರೆಡಿ ಇತ್ತು.

"ಮೀಸೆ ಇರ್ಲಿಲ್ಲ ಅವಂಗೆ," ಅಂದ ವೆಂಕ್ಟ್ರಮಣ. "ಒಳ್ಳೆ ಮನ್ಷ. ಎರಡು ಸಲ ಸೀಳಿದ ಮೇಲೆ ನಿದ್ದೆ ಮಾಡಿರ್ಲಿಲ್ಲ, ಕಣ್ಣು ನೋಡಿದ್ರೇ ಗೊತ್ತಾಗ್ತಿತ್ತು."

ಫೋರ್‌ಮನ್ ಎಲ್ಲ ಕೇಳಿ, ಹಾರ್ವುಡ್‌ನನ್ನು ಬಿಟ್ಟು ನೇರವಾಗಿ ವೆಂಕ್ಟ್ರಮಣನನ್ನು ನೋಡಿದ. "ಶುಕ್ರವಾರ ಕೊನೆಯ ಎರಕ. ನಿನಗೆ ಕೊಡುತ್ತೇನೆ. ಆದರೆ ನಿನ್ನ ರಿಪೋರ್ಟು ಬರೆಯುವವನು ನಾನು. ಸೀಳಿದರೆ ಸೀಳಿತು ಅಂತಲೇ ಬರೆಯುತ್ತೇನೆ, ಸುಳ್ಳು ಬರೆಯುವುದಿಲ್ಲ. ಪೊರಕೆ ಹಿಡಿದು ಸುಮ್ಮನಿದ್ದರೆ ಒಳ್ಳೆಯ ರಿಪೋರ್ಟೇ ಸಿಗುತ್ತದೆ. ಯೋಚನೆ ಮಾಡು."

ನೀವು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ನಾನಂತೂ ನಿಂತೆ. ನಾನಾಗಿದ್ದರೆ ಪೊರಕೆ ಹಿಡಿಯುತ್ತಿದ್ದೆ. ಖೋಲಿ, ಮಿಸ್ತ್ರಿ ಕೆಲಸ, ಹೆಂಡತಿ, ಎಲ್ಲ ಕೈಗೆಟುಕುವಲ್ಲಿದೆ. ಯಾವುದೋ ದೇಶದ, ನೀರಿಲ್ಲದ ಸೇತುವೆಯ ಒಂದು ಹಲ್ಲಿಗಾಗಿ ಅದನ್ನು ಪಣಕ್ಕಿಡುತ್ತಾರೆಯೇ?

"ಯಾಕೆ ಒಪ್ಪಿಕೊಂಡೆ?" ಅಂತ ಕೇಳಿದೆ.

ಅವನು ಹೇಳಿದ, "ಯಾಕೆ ಸೀಳ್ತದೆ ಅಂತ ನಂಗೆ ಗೊತ್ತಿತ್ತಲ್ಲ. ಗೊತ್ತಿದ್ದೂ ನೆಲ ಗುಡಿಸ್ತಾ ನಿಂತ್ಕೊಳ್ಳೂಕೆ ಆಗ್ಲಿಲ್ಲ."

ನಾನು ಮಂಜಿಯ ಕಡೆ ತಿರುಗಿದೆ. "ನಿನಗೆ ಸಿಟ್ಟು ಬರಲಿಲ್ಲವೇ? ನಿನ್ನ ಖೋಲಿ ಅದು."

"ಬಂತು," ಅಂದಳು. "ಕಾಗದ ಓದಿ ಮೂರು ದಿನ ಅತ್ತೆ ಹತ್ರ ಮಾತಾಡ್ಲಿಲ್ಲ. ಉಮಿ ಕಲಸೂದು ಕಲಿಸಿದ್ದು ಅವರೇ ಅಲ್ದಾ?"

೭

ಹಾಲಿನ ಗಾಡಿ ಎಳೆಯುವ ಕುದುರೆ ಆ ಊರಲ್ಲಿ ಒಂದೇ ಉಳಿದಿತ್ತು. ಹಾರ್ವುಡ್ ಮೂರು ದಿನ ಅದರ ಹಿಂದೆ ಬಕೆಟ್ ಹಿಡಿದು ತಿರುಗಿದ. ವೆಂಕ್ಟ್ರಮಣ ಲದ್ದಿಯನ್ನು ಕುಲುಮೆಯ ಮೇಲೆ ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದ. ಇಡೀ ಫೌಂಡ್ರಿ ಮೂಗು ಮುಚ್ಚಿಕೊಂಡಿತು. ಕೆಲವರು ಕುದುರೆಯ ಹಾಗೆ ಕೆನೆದರು. ಇವನು ತಲೆ ಎತ್ತಲಿಲ್ಲ.

ಗುರುವಾರ ಅಚ್ಚು ಕುಟ್ಟಿದ. ಹೊರಗಿನ ಮರಳು ಗಟ್ಟಿ. ಬಳೆಯ ಒಳಗಿನ ಲದ್ದಿ ಕಲಸಿದ ಮರಳು ಮಾತ್ರ ಮೆತ್ತಗೆ, ಮಗುವಿನ ಬೆನ್ನು ತಟ್ಟಿದ ಹಾಗೆ. (ಉಪಮೆ ನನ್ನದು. ಆದರೆ ಇದನ್ನು ಅವನು ತಿದ್ದಲಿಲ್ಲ.) ಅಲ್ಲಿಯ ಹಳೆಯ ಕೆಲಸಗಾರನೊಬ್ಬ ನೋಡಿ ಹೇಳಿದನಂತೆ, "ಇಷ್ಟು ಮೆತ್ತಗಿದ್ದರೆ ಕಬ್ಬಿಣದ ಭಾರಕ್ಕೆ ಅಚ್ಚೇ ಕುಸಿಯುತ್ತದೆ." ಕುಸಿಯಬಹುದಿತ್ತು. ಅದು ವೆಂಕ್ಟ್ರಮಣನಿಗೂ ಗೊತ್ತಿತ್ತು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಕಬ್ಬಿಣ ಸುರಿದರು. ಅಚ್ಚು ಕುಸಿಯಲಿಲ್ಲ. ಮುಕ್ಕಾಲು ಗಂಟೆ ಕಾದು, ಬಳೆ ಇನ್ನೂ ಕೆಂಪಗಿರುವಾಗಲೇ ಅವನು ಬಳೆಯ ಮೇಲಿನ ಮರಳನ್ನು ಮಾತ್ರ ಕೆದಕಿ ತೆಗೆದ. ದಪ್ಪದ್ದು ಗಾಳಿಗೆ ಬಂದು ಬೇಗ ತಣಿಯಲಿ, ತೆಳು ಕಂಬಿಗಳು ಮರಳಿನ ಒಳಗೆ ಬೆಚ್ಚಗಿರಲಿ, ಎರಡೂ ಜೊತೆಯಲ್ಲಿ ಕುಗ್ಗಲಿ ಎಂದು. ಆಮೇಲೆ ಮಾಡುವುದೇನೂ ಇರಲಿಲ್ಲ. ಎಲ್ಲರೂ ಕೆಲಸ ಮಾಡುತ್ತಿರುವ ಹಾಗೆ ನಟಿಸುತ್ತಾ ಕಿವಿಗೊಟ್ಟು ನಿಂತರು. ಮಧ್ಯಾಹ್ನ ಮೂರಕ್ಕೆ ಟಣ್ ಎಂದಿತು.

"ಎಲ್ಲಿ ಟಣ್ ಅಂತು?" ಮಂಜಿ ಸೊಂಟಕ್ಕೆ ಕೈಯಿಟ್ಟಳು.

"ಸ್ಪ್ಯಾನರ್ ಬಿದ್ದದ್ದು ಅಂತ ಆಮೇಲೆ ಬರೆಯುತ್ತೇನೆ. ಸಸ್ಪೆನ್ಸ್‌ಗೆ."

"ಅಷ್ಟು ದಿನ ಊಟ ಸೇರದೆ ಕಾದವಳು ನಾನು. ನಿಮ್ಮ ಸಸ್ಪೆನ್ಸ್ ಎಂತಕೆ?"

ಆಗಲಿ. ಟಣ್ ಎನ್ನಲಿಲ್ಲ. ಮೂರಕ್ಕೂ ಇಲ್ಲ, ನಾಲ್ಕಕ್ಕೂ ಇಲ್ಲ.

ಶನಿವಾರ ಬೆಳಿಗ್ಗೆ ಮರಳೊಡೆದರು. ಬಳ್ಳಿ, ಎಲೆ, ಕಂಬಿ, ಬಳೆ, ಎಲ್ಲ ಇತ್ತು. ಆದರೆ ಕಣ್ಣಿಗೆ ಕಾಣದ ಸೀಳು ಇರಬಹುದಲ್ಲ. ಫೋರ್‌ಮನ್ ಫಲಕಕ್ಕೆ ಸೀಮೆಎಣ್ಣೆ ಒರೆಸಿ, ಬಟ್ಟೆಯಲ್ಲಿ ಒಣಗಿಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದ. ಸೀಳಿದ್ದರೆ ಒಳಗಿನ ಎಣ್ಣೆ ಜಿನುಗಿ ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಇಪ್ಪತ್ತು ಜನ ಒಂದು ಬಿಳಿ ಫಲಕವನ್ನು ನೋಡುತ್ತಾ ನಿಂತರು.

ಬಿಳಿ ಬಿಳಿಯಾಗಿಯೇ ಉಳಿಯಿತು.

ಹಾರ್ವುಡ್ ಸಣ್ಣ ಸುತ್ತಿಗೆಯಲ್ಲಿ ಬಳೆಗೆ ಮೆಲ್ಲಗೆ ಹೊಡೆದ. ಅದು ದೇವಸ್ಥಾನದ ಗಂಟೆಯ ಹಾಗೆ ಉದ್ದಕ್ಕೆ ಮೊಳಗಿತು. ಮೊನ್ನೆ ಕುದುರೆಯ ಹಾಗೆ ಕೆನೆದವರೇ ಈಗ ಟೋಪಿ ಎಸೆದು ಕೂಗಿದರು. ಫೋರ್‌ಮನ್ ಹೋಗಿ, ಮೂಲೆಯಲ್ಲಿದ್ದ ಪೊರಕೆ ತಂದು, ಆ ಮರಳನ್ನೆಲ್ಲ ತಾನೇ ಗುಡಿಸಿದ.

(ಇದನ್ನು ನಾನು ಕಟ್ಟಿದ್ದೇನೆ ಎಂದು ನಿಮಗೆ ಅನ್ನಿಸುತ್ತಿದೆ. ನನಗೂ ಅನ್ನಿಸಿತು. ವೆಂಕ್ಟ್ರಮಣನನ್ನು ಮೂರು ಸಲ ಕೇಳಿದೆ. ಮೂರು ಸಲವೂ, "ಹೌದು, ಗುಡಿಸಿದ," ಅಂದ.)

೮

ಮರುವಾರ ಫಲಕವನ್ನು ಸೇತುವೆಗೆ ಕೂರಿಸಿದರು. ಬೋಲ್ಟು ಬಿಗಿ ಮಾಡಿದ್ದು ವೆಂಕ್ಟ್ರಮಣನೇ. ಕೂರಿಸುವ ಮೊದಲು ಅವನು ಫಲಕವನ್ನು ತಿರುಗಿಸಿ, ಯಾರೂ ನೋಡದ ಅಡಿಯ ಏಣನ್ನು ಅರ ಹಿಡಿದು ಉಜ್ಜುತ್ತಾ ಕುಳಿತ. ನಗರಸಭೆಯವರು ಗಡಿಯಾರ ನೋಡಿಕೊಂಡರು. ಹಾರ್ವುಡ್ ಅವರಿಗೆ, "ಕಾಯಿರಿ," ಅಂದ. ಕಾದರು.

ರಿಪೋರ್ಟು ಹೇಗಿತ್ತು ಎಂದರೆ, ಮುಂಬೈಯಲ್ಲಿ ಅದನ್ನು ಚೌಕಟ್ಟು ಹಾಕಿ ತೂಗುಹಾಕಿದರು. ಖೋಲಿ ಸಿಕ್ಕಿತು. ಮಂಜಿ ಮುಂಬೈಗೆ ಹೋದಳು, ಬಾಗಿಲಿಗೆ ತೋರಣ ಕಟ್ಟಿದಳು.

ಇಲ್ಲಿಗೆ ಮುಗಿಸಬಹುದು. ಎಲ್ಲರೂ ಸುಖವಾಗಿದ್ದಾರೆ, ನೀವೂ ಎದ್ದು ಊಟಕ್ಕೆ ಹೋಗಬಹುದು. ಆದರೆ ನಾನು ಇದೇ ಸಂದರ್ಭಕ್ಕೆ ಇನ್ನೆರಡು ಮುಕ್ತಾಯ ಬರೆದಿಟ್ಟಿದ್ದೇನೆ. ಒಂದರಲ್ಲಿ ವೆಂಕ್ಟ್ರಮಣ ಫಲಕದ ಹಿಂದೆ ಕನ್ನಡದಲ್ಲಿ ತನ್ನ ಹೆಸರು ಕೆತ್ತುತ್ತಾನೆ. ಇನ್ನೊಂದರಲ್ಲಿ ಇಂಗ್ಲೆಂಡಿನ ರಾಣಿ ಆ ಸೇತುವೆಯ ಮೇಲೆ ಹೋಗುತ್ತಾ ಅಲ್ಲೇ ನಿಂತು ಕೈಯಿಡುತ್ತಾಳೆ. ಮೂರರಲ್ಲಿ ಒಂದನ್ನು ಆರಿಸಲೆಂದು ಇವತ್ತು, ೧೯೬೪ರ ಡಿಸೆಂಬರಿನ ಒಂದು ಬೆಳಿಗ್ಗೆ, ಹಾಳೆ ಹಿಡಿದು ಪಕ್ಕದ ಮನೆಗೆ ಹೋದೆ.

೯

ಮನೆಯಲ್ಲಿ ಯಾರೂ ಇರಲಿಲ್ಲ. ಹಿಂದಿನ ಶೆಡ್ಡಿನಿಂದ ಹೊಗೆ ಬರುತ್ತಿತ್ತು. ಖೋಲಿಯಲ್ಲಿ ಒಂದೂವರೆ ವರ್ಷ ಇದ್ದು ಇವರಿಬ್ಬರು ಊರ ಕಡೆ ಮರಳಿ, ಹೆಬಳೆಯಲ್ಲಿ ಮನೆ ಮಾಡಿ ಹಾಕಿದ ಎರಕದ ಶೆಡ್ಡು ಅದು. ಮುಂಬೈ ಬಿಡೋಣ ಎಂದವಳು ಮಂಜಿ. ಆ ಶೆಡ್ಡಿನ ಬಗ್ಗೆ ನಾನು ಈವರೆಗೆ ಒಂದು ಸಾಲೂ ಬರೆದಿಲ್ಲ. ಕಥೆ ಇಂಗ್ಲೆಂಡಿನಲ್ಲಿದೆ ಎಂದುಕೊಂಡಿದ್ದೆ.

ಬಾಗಿಲಲ್ಲಿ ಭಟ್ಕಳದ ಅಕ್ಕಿ ಮಿಲ್ಲಿನ ಸಾಹೇಬರು ನಿಂತಿದ್ದರು. ಅವರ ಮಿಲ್ಲಿನ ದೊಡ್ಡ ಹಲ್ಲುಚಕ್ರ ಮುರಿದು ಎಂಟು ದಿನ. ಸುಗ್ಗಿಯ ಭತ್ತವೆಲ್ಲ ಅಂಗಳದಲ್ಲಿ. ಮುಂಬೈಯಿಂದ ಹೊಸದು ಬರಲು ಒಂದು ತಿಂಗಳು. ಇಲ್ಲಿ ಮೊನ್ನೆ ವೆಂಕ್ಟ್ರಮಣ ಹೊಯ್ದದ್ದು ಸೀಳಿತ್ತು.

ಶೆಡ್ಡಿನೊಳಗೆ ಹೊಸ ಅಚ್ಚಿನ ಮುಂದೆ ಕುಳಿತು ಮರಳು ತಟ್ಟುತ್ತಿದ್ದವಳು ಮಂಜಿ. ಸೀರೆಯನ್ನು ಕಚ್ಚೆ ಹಾಕಿದ್ದಳು, ಮೊಣಕೈವರೆಗೆ ಕಪ್ಪು. ವೆಂಕ್ಟ್ರಮಣ ಕುಲುಮೆಯ ಹತ್ತಿರ.

"ನೀನು ಯಾವಾಗ ಕಲಿತೆ?" ಅಂದೆ.

"ಖೋಲಿಯಲ್ಲಿ ಕೂತು ಎಂತ ಮಾಡೂದು? ಇವರು ಮರಳಿನ ಬಗ್ಗೆ ಹೇಳ್ತಿದ್ರು, ನಾನು ಕೇಳ್ತಿದ್ದೆ."

"ನನ್ನ ಕೈ ಈಗ ಭಾರ ಆಗ್ಯದೆ ಮಾಸ್ತರ್ರೆ," ಅಂದ ವೆಂಕ್ಟ್ರಮಣ. "ಮೆತ್ತಗೆ ಕುಟ್ಟೂಕೆ ಬರೂದಿಲ್ಲ. ಮೊನ್ನೆ ಸೀಳಿದ್ದು ಅದಕ್ಕೇ. ನನ್ನ ಅಮ್ಮನ ಕೈ ಇವಳಿಗೆ ಬಂದದೆ."

ಸಾಹೇಬರು ಒಳಗೆ ಇಣುಕಿದರು. "ಮಂಜಿ ಮಿಸ್ತ್ರಿ, ಆಗುತ್ತಾ?"

ಮಿಸ್ತ್ರಿ! ಆ ಶಬ್ದಕ್ಕಾಗಿ ಒಬ್ಬ ಮನುಷ್ಯ ಸಮುದ್ರ ದಾಟಿ ಹೋಗಿದ್ದ. ನಾನು ಮಂಜಿಯ ಮುಖ ನೋಡಿದೆ. ಅವಳು ತಲೆ ಎತ್ತಲಿಲ್ಲ, ಆದರೆ ಕಪ್ಪು ಮೆತ್ತಿದ ಆ ಮುಖ ತುಂಬ ನಗು ಹರಡಿತು.

"ಆಗ್ತದೆ ಸಾಹೇಬರೆ."

ನಾನು ಮೆಲ್ಲಗೆ ಹಾಳೆ ಬಿಚ್ಚಿದೆ. ಮೂರು ಮುಕ್ತಾಯಗಳನ್ನೂ ಓದಿದೆ. ರಾಣಿ ಬಂದಾಗ ಸಾಹೇಬರು ಒಮ್ಮೆ ಕೆಮ್ಮಿದರು.

"ಮೂರೂ ಬೇಡ," ಅಂದಳು ಮಂಜಿ. "ಎಂತಕೆ ಮುಗಿಸ್ತೀರಿ? ಮೂರು ವರ್ಷದ ಹಿಂದಿನ ಸಂಕದ ಮೇಲೆ ನಮ್ಮನ್ನು ನಿಲ್ಸಿ ನೀವು ಮನೆಗೆ ಹೋಗ್ತೀರಿ. ಇಲ್ಲಿ ಕೆಲಸ ಬಿದ್ದದೆ."

"ಕಥೆಗೆ ಒಂದು ಕೊನೆ ಬೇಕಲ್ಲ ಮಂಜಿ. ಓದುವವರು ಕಾಯುತ್ತಿದ್ದಾರೆ. ಈ ಚಕ್ರ ಸೀಳುತ್ತದೋ ಇಲ್ಲವೋ, ಅದನ್ನಾದರೂ ಹೇಳಬೇಡವೇ?"

"ಯಾರಿಗೆ ಗೊತ್ತದೆ?" ಅಂದಳು, ಅದೂ ಹಬ್ಬಕ್ಕೆ ಹೊರಟವಳ ದನಿಯಲ್ಲಿ. "ಇನ್ನೂ ಕಬ್ಬಿಣವೇ ಸುರಿದಿಲ್ಲ."

ವೆಂಕ್ಟ್ರಮಣ ಕುಲುಮೆಯ ಬಾಯಿ ತೆರೆದ. ಶೆಡ್ಡು ಇಡೀ ಕಿತ್ತಳೆ ಬಣ್ಣವಾಯಿತು. ಕರಗಿದ ಕಬ್ಬಿಣ ದೊಡ್ಡ ಸೌಟಿಗೆ ಇಳಿಯಿತು. ಸೌಟಿಗೆ ಎರಡು ಹಿಡಿ. ಒಂದನ್ನು ಅವನು ಹಿಡಿದ. ಮಂಜಿ ಅಚ್ಚಿನ ಬಾಯಿಯ ಹತ್ತಿರ ಮೊಣಕಾಲೂರಿ, ಎಲ್ಲಿ ಸುರಿಯಬೇಕೆಂದು ಬೆರಳು ತೋರಿಸುತ್ತಾ, ಅಲ್ಲಿಂದಲೇ ಕೂಗಿದಳು:

"ಮಾಸ್ತರ್ರೆ, ಕಾಗದ ಕೆಳಗಿಡಿ. ಆ ಕಡೆ ಹಿಡೀರಿ."

ಒಂದು ಕೈಯಲ್ಲಿ ಬರೆಯುತ್ತಲೇ ಇನ್ನೊಂದು ಕೈ ಚಾಚಿದೆ. ಸಾಲದಂತೆ. ಎರಡೂ ಕೈ ಬೇಕಂತೆ